ಬಿಳಿ ಅಕ್ಷರದ ಟೈರ್

ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಗ್ಯಾರೇಜಿನಲ್ಲಿ ಮಂಡಿಯೂರಿ ಕೂತು, ಟ್ರಕ್ಕಿನ ಮುಂದಿನ ಟೈರಿನ ಸಂದಿಗೆ ಅಮೆರಿಕದ ಒಂದು ಕ್ವಾರ್ಟರ್ ನಾಣ್ಯ ತೂರಿಸಿದೆ. ಅದರ ಮೇಲಿನ ಜಾರ್ಜ್ ವಾಷಿಂಗ್ಟನ್ ತಲೆಕೆಳಗಾಗಿ. ತಲೆಯ ತುದಿ ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳ ಒಳಗೆ ಅಡಗಿದರೆ ಇನ್ನೂ 4/32 ಇಂಚು, ಅಂದರೆ 3 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ರಬ್ಬರ್ ಉಳಿದಿದೆ ಅಂತ ಲೆಕ್ಕ. ಅಡಗಲಿಲ್ಲ. ಕೂದಲ ಸಮೇತ ಇಡೀ ತಲೆ ಕಂಡಿತು.

ನಾವಿರುವುದು ವಾಷಿಂಗ್ಟನ್ ರಾಜ್ಯದ ಇಸ್ಸಾಕ್ವಾದಲ್ಲಿ. ಮನೆಯಿಂದ ಐ-90 ಹೆದ್ದಾರಿ ಹತ್ತಿ ಪೂರ್ವಕ್ಕೆ 35 ಮೈಲಿ ಹೋದರೆ ಸ್ನೋಕ್ವಾಲ್ಮಿ ಘಾಟಿ. ಎತ್ತರ 3,022 ಅಡಿ. ನಮ್ಮ ಆಗುಂಬೆಗಿಂತ ಜಾಸ್ತಿ, ಚಳಿಗಾಲದಲ್ಲಿ ಹಿಮ ಸುರಿಯುವುದು ನೋಡಿದರಂತೂ ಬೇರೆಯೇ ಲೋಕ. ಘಾಟಿಯಲ್ಲಿ ಹಿಮದ ಟೈರ್ ಕಡ್ಡಾಯ ಅಂತ ಬೋರ್ಡ್ ಬಿದ್ದ ದಿನ ಟೈರಿನಲ್ಲಿ ಕನಿಷ್ಠ 1/8 ಇಂಚು ಬಟನ್ ಇರಬೇಕು ಅನ್ನುತ್ತದೆ ಇಲ್ಲಿನ ಕಾನೂನು. 1/8 ಅಂದರೆ ಅದೇ 4/32. ವಾಷಿಂಗ್ಟನ್ ರಾಜ್ಯದ ಕಾನೂನನ್ನು ವಾಷಿಂಗ್ಟನ್ ತಲೆಯಿಂದಲೇ ಅಳೆಯಬಹುದು. ಇದು ಯಾರೋ ಯೋಚಿಸಿ ಮಾಡಿದ್ದಲ್ಲ, ಕಾಕತಾಳೀಯ. ಆದರೂ ಗ್ಯಾರೇಜಿನ ನೆಲದ ಮೇಲೆ ಕೂತವಳಿಗೆ ಆ ಮನುಷ್ಯ ನನ್ನನ್ನೇ ಗುರಾಯಿಸುತ್ತಿದ್ದಾನೆ ಅನಿಸಿತು.

ಓಡಿದ್ದು 26,000 ಮೈಲಿ. ಕಿಲೋಮೀಟರಿನಲ್ಲಿ ಸುಮಾರು 42,000. ಹಿಂದಿನ ಎರಡು ಟೈರ್ ಪರವಾಗಿರಲಿಲ್ಲ, ಇನ್ನೂ ಅರ್ಧ ಬಟನ್ ಇತ್ತು. ಮುಂದಿನವು ಮಾತ್ರ ಬೋಳು.

ಗಾಡಿ ರಿವಿಯನ್ ಆರ್1ಟಿ. ಇಲಿನಾಯ್ ರಾಜ್ಯದ ನಾರ್ಮಲ್ ಅನ್ನೋ ಊರಿನ ಕಾರ್ಖಾನೆಯಿಂದ 2021ರ ಸೆಪ್ಟೆಂಬರಿನಿಂದ ಹೊರಬರುತ್ತಿರುವ ಎಲೆಕ್ಟ್ರಿಕ್ ಪಿಕಪ್. ನಂದು ನಾಲ್ಕು ಮೋಟಾರಿನದು, ಒಂದೊಂದು ಚಕ್ರಕ್ಕೂ ಒಂದೊಂದು. 835 ಕುದುರೆಯ ಬಲ. ತೂಕ 3,200 ಕೆಜಿ ಆಸುಪಾಸು. ಇಂಥ ಗಾಡಿಯ ಟೈರ್ ಬೇಗ ಸವೆಯುತ್ತದೆ ಅನ್ನುವುದರಲ್ಲಿ ಆಶ್ಚರ್ಯವಿಲ್ಲ. ಬ್ಯಾಟರಿಯ ಭಾರ ಒಂದು ಕಡೆ. ಪೆಡಲ್ ಮುಟ್ಟಿದ ಕ್ಷಣವೇ ಪೂರ್ತಿ ಎಳೆತ ಬಂದುಬಿಡುವುದು ಇನ್ನೊಂದು ಕಡೆ. ಕಾಲು ತೆಗೆದರೆ ಮೋಟಾರೇ ಬ್ರೇಕ್ ಹಿಡಿದು ಕರೆಂಟ್ ವಾಪಸ್ ತುಂಬುತ್ತದಲ್ಲ, ಆ ಹಿಡಿತವೂ ಕೊನೆಗೆ ಬೀಳುವುದು ರಬ್ಬರಿನ ಮೇಲೆಯೇ.

ಆದರೆ ಮುಂದಿನ ಎರಡೇ ಬೋಳಾಗಿದ್ದಕ್ಕೆ ಕಾರಣ ನಾನು. ಈ ಗಾಡಿಯಲ್ಲಿ ಕನ್ಸರ್ವ್ ಅಂತ ಒಂದು ಮೋಡ್ ಇದೆ. ಅದರಲ್ಲಿ ಹಿಂದಿನ ಮೋಟಾರುಗಳು ಸುಮ್ಮನಿರುತ್ತವೆ, ಮುಂದಿನವು ಎಳೆಯುತ್ತವೆ, ಚಾರ್ಜ್ ಉಳಿಯುತ್ತದೆ. ಉಳಿತಾಯ ಅಂದರೆ ಬಿಡುವವರಲ್ಲ ನಾವು. ಎರಡು ವರ್ಷ ಅದೇ ಮೋಡ್‌ನಲ್ಲಿ ಆಫೀಸಿಗೆ ಓಡಾಡಿದೆ. 5,000ದಿಂದ 7,500 ಮೈಲಿಗೊಮ್ಮೆ ಟೈರ್ ಹಿಂದುಮುಂದು ಬದಲಿಸಬೇಕು ಅಂತ ಗೊತ್ತಿತ್ತು. ಮುಂದಿನ ತಿಂಗಳು ಮಾಡಿಸಿದರಾಯ್ತು ಅಂತ ಮುಂದೂಡುತ್ತಾ ಹೋದೆ. ಕರೆಂಟಿನಲ್ಲಿ ಉಳಿಸಿದ್ದನ್ನೆಲ್ಲ ಟೈರಿನಲ್ಲಿ ಕಳೆದೆ.

ಸರಿ, ಹೊಸ ಟೈರ್ ಬೇಕು. ಯಾವುದು?

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮನಸ್ಸಿನಲ್ಲಿ ಟೈರ್ ಆಗಲೇ ಆಯ್ಕೆಯಾಗಿತ್ತು. ಬದಿಯಲ್ಲಿ ದಪ್ಪ ಬಿಳಿ ಅಕ್ಷರ ಇರುವ ಬಿಎಫ್‌ಗುಡ್‌ರಿಚ್. ರೇಡಿಯಲ್ ಆಲ್-ಟೆರೇನ್, ಅಂದರೆ ಟಾರಿಗೂ ಮಣ್ಣು ಕಲ್ಲಿನ ದಾರಿಗೂ ಆಗುವ ಟೈರನ್ನು ಅವರು ಶುರು ಮಾಡಿದ್ದು 1976ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅಮೆರಿಕದ ಕಾಡು ಮೇಡು ಮರಳುಗಾಡಿನ ಯಾವ ಫೋಟೋ ನೋಡಿದರೂ ಒಂದು ಜೀಪಿನ ಕಾಲಲ್ಲಿ ಆ ಬಿಳಿ ಅಕ್ಷರ ಇದ್ದೇ ಇರುತ್ತದೆ. ಪಾರ್ಕಿಂಗ್ ಲಾಟ್‌ನಲ್ಲಿ ಅಂಥ ಟೈರ್ ಹಾಕಿದ ಟ್ರಕ್ ಕಂಡರೆ ನಾನು ತಿರುಗಿ ನೋಡುತ್ತೇನೆ. ಚಪ್ಪಲಿ ಅಂಗಡಿಯ ಗಾಜಿನ ಮುಂದೆ ನಿಲ್ಲುವವರು ನಿಲ್ಲಲಿ, ನನ್ನ ಚಪಲ ಇದು.

ಆ ವಾರ ಕೊಪ್ಪದ ಮಾವನಿಗೆ ಫೋನ್ ಮಾಡಿದ್ದೆ. ಅಮ್ಮನ ತಮ್ಮ. ಟೈರಿನ ವಿಷಯ ಬಂತು.

"ಒಂದು ಟೈರ್‌ಗೆ ಎಷ್ಟು?"

"ಹಾಕಿಸಿದ್ದೂ ಸೇರಿ ನಾನೂರು ಡಾಲರ್ ಹತ್ತಿರ ಮಾವ."

ಆ ಕಡೆ ಮೌನ. ಗುಣಾಕಾರ ನಡೆಯುತ್ತಿತ್ತು. "ಎಂತ ಮಾರಾಯ್ತಿ, ರೀಬಟನ್ ಹಾಕ್ಸಕ್ಕೆ ಆಗಲ್ವಾ ಅಲ್ಲಿ?"

ಇಲ್ಲಿ ಲಾರಿಗಳಿಗೆ ಹಾಕಿಸುತ್ತಾರೆ, ನಮ್ಮಂಥವರ ಗಾಡಿಗೆ ಹಾಕಿಸುವವರನ್ನು ನಾನು ಕಂಡಿಲ್ಲ ಅಂದೆ. ಮಾವನಿಗೆ ಸಮಾಧಾನ ಆಗಲಿಲ್ಲ. ನಾನು ಚಿಕ್ಕವಳಿದ್ದಾಗ ಅವರ ಮಹೀಂದ್ರ ಜೀಪಿನ ಟೈರುಗಳಿಗೆ ಎಷ್ಟು ಸಲ ರೀಬಟನ್ ಆಗಿತ್ತೋ ದೇವರೇ ಬಲ್ಲ. ಜೂನ್ ಬಂತೆಂದರೆ ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನ್ ಕಟ್ಟುತ್ತಿದ್ದರು. ತೋಟದ ಏರಿನಲ್ಲಿ ಕೆಸರು ಮೊಳಕಾಲುದ್ದ. ಚೈನ್ ಇಲ್ಲದ ಜೀಪು ಅಲ್ಲೇ ಹೊರಳಾಡಿ ಕೂರುತ್ತಿತ್ತು. ಟಾರ್ ರಸ್ತೆಗೆ ಬಂದ ಮೇಲೆ ಬಿಚ್ಚದೇ ಹೋದರೆ ಊರಿಗೆಲ್ಲ ಕೇಳುವಂಥ ಸದ್ದು. ಈಗ ನನ್ನ ಟ್ರಕ್ಕಿನಲ್ಲೂ ಒಂದು ಜೊತೆ ಚೈನ್ ಇದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೂ ಘಾಟಿಗೆ ಚೈನ್ ಇಟ್ಟುಕೊಂಡೇ ಹೋಗಬೇಕಾದ ದಿನಗಳಿರುತ್ತವೆ. ಇಲ್ಲಿಯವರೆಗೆ ಬಿಚ್ಚಿಲ್ಲ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊಸದಾಗಿಯೇ ಇದೆ. ಮಾವ ನೋಡಿದರೆ ನಗುತ್ತಾರೆ.

ಮೊದಲು ಹೋದ ಟೈರ್ ಅಂಗಡಿಯ ಹೆಸರು ಬೇಡ. ಕೌಂಟರಿನ ಹುಡುಗ ಗಾಡಿ ನೋಡಿದ ಕೂಡಲೇ, ಇಷ್ಟು ಭಾರದ್ದಕ್ಕೆ ಹತ್ತು ಪ್ಲೈ ಟೈರೇ ಬೇಕು, ಲೋಡ್ ರೇಂಜ್ ಇ, ಬೇರೆ ಯಾವುದೂ ತಾಳಲ್ಲ ಅಂದ. ಬಿಳಿ ಅಕ್ಷರದ್ದೇ ತೋರಿಸಿದ. ನನಗಂತೂ ಅದೇ ಬೇಕಾಗಿತ್ತು. ಆದರೂ 'ಬೇರೆ ಯಾವುದೂ ತಾಳಲ್ಲ' ಅಂದಿದ್ದು ಒಂದು ಕಲ್ಲಿನ ಹಾಗೆ ಬಾಯಿಗೆ ಸಿಕ್ಕಿತು. ಮನೆಗೆ ಬಂದು ಹಳೆಯ ಟೈರಿನ ಬದಿ ಓದಿದೆ.

275/65ಆರ್20. ಅಗಲ 275 ಮಿಮೀ. ಅದರ ನೂರಕ್ಕೆ 65 ಭಾಗ ಪಕ್ಕೆಯ ಎತ್ತರ. 20 ಇಂಚಿನ ರಿಮ್. ಆಮೇಲೆ 116ಎಚ್. ಈ 116 ಅನ್ನುವುದು ಲೋಡ್ ಇಂಡೆಕ್ಸ್. ಪಟ್ಟಿ ತೆಗೆದು ನೋಡಿದರೆ ಒಂದು ಟೈರ್ 1,250 ಕೆಜಿ ಹೊರುತ್ತದೆ ಅಂತ. ನಾಲ್ಕು ಸೇರಿ 5,000 ಕೆಜಿ. ಜನ, ಸಾಮಾನು, ಎಲ್ಲ ತುಂಬಿದರೂ ಈ ಟ್ರಕ್ಕಿನ ಒಟ್ಟು ತೂಕ 3,900 ಕೆಜಿ ದಾಟುವಂತಿಲ್ಲ. ಅಂದಮೇಲೆ ತಾಳುತ್ತದೆ, ಸಾಕಷ್ಟು ತಾಳುತ್ತದೆ.

ಹತ್ತು ಪ್ಲೈ ಅನ್ನೋ ಮಾತೂ ಹಳೇ ಕಾಲದ್ದು. ಟೈರಿನೊಳಗೆ ಹತ್ತಿಯ ಬಟ್ಟೆ ಪದರ ಪದರ ಹಾಕುತ್ತಿದ್ದ ದಿನಗಳಲ್ಲಿ ಹತ್ತು ಪದರ ಅಂದರೆ ಹತ್ತೇ ಪದರ. ಈಗಿನ ದಾರ ಗಟ್ಟಿ. ಹತ್ತು ಪ್ಲೈ ಅಂದರೆ ಅಷ್ಟರ ಮಟ್ಟಿಗಿನ ಬಲ ಅಂತ ಮಾತ್ರ ಅರ್ಥ, ಕೊಯ್ದು ನೋಡಿದರೆ ಒಳಗೆ ಹತ್ತು ಇರುವುದಿಲ್ಲ. ಆ ಟೈರು ಕೆಟ್ಟದ್ದು ಅಂತಲ್ಲ. ಚೂಪು ಕಲ್ಲಿನ ದಾರಿಯಲ್ಲಿ ಪಕ್ಕೆ ಹರಿಯದ ಹಾಗೆ ಕಾಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ತಿಂಗಳಿಗೆ ನಾಲ್ಕು ಸಲ ಟ್ರೇಲರ್ ಎಳೆಯುವವರಿಗೆ, ಕಲ್ಲುಗುಡ್ಡ ಹತ್ತುವವರಿಗೆ ಅದೇ ಸರಿ. ಆದರೆ ಅದರ ಗುಣಕ್ಕೆ ಬೆಲೆ ಇದೆ. ಒಂದೊಂದು ಟೈರೂ ಕೆಲವು ಕೆಜಿ ಜಾಸ್ತಿ ತೂಗುತ್ತದೆ. ಅಷ್ಟೇ ಭಾರ ಹೊರಲು ಹೆಚ್ಚು ಗಾಳಿ ಕೇಳುತ್ತದೆ, ಕಾರ್ಖಾನೆ ಹೇಳಿದ 48 ಪಿಎಸ್‌ಐ ಅದಕ್ಕೆ ಹಾಗೇ ಹೊಂದುವುದಿಲ್ಲ. ಪಕ್ಕೆ ಗಡುಸು, ಸಣ್ಣ ಗುಂಡಿಯೂ ಬೆನ್ನಿಗೆ ಬಡಿಯುತ್ತದೆ. ಉರುಳುವುದಕ್ಕೇ ಜಾಸ್ತಿ ಶಕ್ತಿ ಬೇಕು.

ಪೆಟ್ರೋಲ್ ಗಾಡಿಯಲ್ಲಿ ಈ ಕೊನೆಯದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಬಂಕ್‌ನಲ್ಲಿ ಎರಡು ನಿಮಿಷ ಜಾಸ್ತಿ ನಿಂತರೆ ಮುಗಿಯಿತು. ಎಲೆಕ್ಟ್ರಿಕ್‌ನಲ್ಲಿ ಹಾಗಲ್ಲ, ಟೈರ್ ಬದಲಾದರೆ ಪರದೆಯ ಮೇಲಿನ ಮೈಲಿಯೇ ಬದಲಾಗುತ್ತದೆ. 21 ಇಂಚಿನ ರಸ್ತೆ ಟೈರ್ ಹಾಕಿದ 2022ರ ಆರ್1ಟಿಗೆ ಸರ್ಕಾರದ ಪರೀಕ್ಷೆ ಕೊಟ್ಟ ಅಂಕಿ 314 ಮೈಲಿ. ನನ್ನಂತೆ 20 ಇಂಚಿನ ಆಲ್-ಟೆರೇನ್ ತೆಗೆದುಕೊಂಡವರಿಗೆ ನೂರಕ್ಕೆ 10-15ರಷ್ಟು ಕಡಿಮೆ. ಅಷ್ಟನ್ನು ನಾನು ಮೊದಲೇ ಕೊಟ್ಟಾಗಿತ್ತು. ಇನ್ನೂ ಗಡುಸಾದ ಟೈರ್ ಹಾಕಿ ಇನ್ನಷ್ಟು ಕೊಡಬೇಕಾ? ಚಳಿಗೆ ಬ್ಯಾಟರಿ ಮುದುಡಿಕೊಂಡಿರುವ ಜನವರಿಯಲ್ಲಿ, ಎಲ್ಲೆನ್ಸ್‌ಬರ್ಗ್ ಚಾರ್ಜರ್ ಇನ್ನೂ 30 ಮೈಲಿ ಇದೆ ಅನ್ನುವಾಗ, ಆ ಬಿಳಿ ಅಕ್ಷರ ನನಗೆ ಏನು ಧೈರ್ಯ ಹೇಳುತ್ತದೆ?

ಸದ್ದಿನ ವಿಷಯವೂ ಹೀಗೇ. ಎಂಜಿನ್ ಇದ್ದಾಗ ಅದರ ಗಲಾಟೆ ಟೈರಿನ ಗುಂಯ್ ಅನ್ನುವುದನ್ನು ಮುಚ್ಚಿಬಿಡುತ್ತಿತ್ತು. ಇದರಲ್ಲಿ ಮುಚ್ಚುವವರೇ ಇಲ್ಲ. ಬಟನ್ ದೊಡ್ಡದಾದಷ್ಟೂ ಗುಂಯ್ ಜಾಸ್ತಿ. ಕೆಲವು ಟೈರುಗಳ ಒಳಗೆ ಸದ್ದು ಹೀರಲಿಕ್ಕೆ ಸ್ಪಂಜು ಅಂಟಿಸಿರುತ್ತಾರೆ. ಆದರೆ ಪಂಚರ್ ಆದರೆ ಅದನ್ನು ಕೆರೆದು ತೆಗೆದು ಪ್ಯಾಚ್ ಹಾಕಬೇಕು, ಎಲ್ಲ ಅಂಗಡಿಯವರೂ ಆ ಕೆಲಸಕ್ಕೆ ಮನಸ್ಸು ಮಾಡುವುದಿಲ್ಲ.

ಒಂದು ರಾತ್ರಿ ಊಟ ಆದ ಮೇಲೆ ಕಾಗದ ಪೆನ್ನು ಹಿಡಿದು ಕೂತೆ. ಈ 26,000 ಮೈಲಿಯನ್ನು ನಾನು ನಿಜಕ್ಕೂ ಎಲ್ಲೆಲ್ಲಿ ಓಡಿಸಿದೆ? ಆಫೀಸು, ಮಗಳ ಈಜು ಕ್ಲಾಸು, ಕಾಸ್ಟ್ಕೋ, ಪೋರ್ಟ್‌ಲ್ಯಾಂಡಿನ ತಂಗಿಯ ಮನೆ. ಹಿಮದ ದಿನ ಘಾಟಿಗೆ, ಚಳಿಗಾಲಕ್ಕೆ ಹತ್ತು ಸಲ ಅಂತಿಟ್ಟುಕೊಂಡರೆ ಎರಡು ಚಳಿಗಾಲಕ್ಕೆ 1,400 ಮೈಲಿ. ಮಣ್ಣು ಜಲ್ಲಿಯ ದಾರಿ? ಕ್ಲೀ ಎಲಂ ದಾಟಿ ಟೀಅನವೇ ನದಿಯ ಉತ್ತರ ಕವಲಿನ ರಸ್ತೆ, ಎಸ್ಮೆರಾಲ್ಡಾ ಚಾರಣದ ಬುಡದವರೆಗೆ, ನಾಲ್ಕು ಸಲ. ಬೇರೆ ಕಾಡು ದಾರಿಗಳು ಅಲ್ಲಿಷ್ಟು ಇಲ್ಲಿಷ್ಟು. ಎಷ್ಟೇ ಉದಾರವಾಗಿ ಕೂಡಿಸಿದರೂ 200 ಮೈಲಿ ದಾಟಲಿಲ್ಲ. ನೂರಕ್ಕೆ ಒಂದೂ ಇಲ್ಲ.

ಉಳಿದ ತೊಂಬತ್ತೊಂಬತ್ತು ಟಾರು, ಅದೂ ಹೆಚ್ಚಾಗಿ ಒದ್ದೆ. ನವೆಂಬರಿನಿಂದ ಮಾರ್ಚಿಯವರೆಗೆ ಸಿಯಾಟಲ್ ಸುತ್ತಮುತ್ತ ಹಿಡಿದಿರುವ ಜಿಟಿಜಿಟಿ ಮಳೆ.

ಹೀಗೆ ಲೆಕ್ಕ ಹಾಕುವಾಗಲೇ ಇನ್ನೊಂದು ಲೆಕ್ಕ ಹೊಳೆಯಿತು. ಸವೆಯಿತು ಸವೆಯಿತು ಅನ್ನುತ್ತೇವಲ್ಲ, ಸವೆದದ್ದು ಎಷ್ಟು? ಟೈರಿನ ವ್ಯಾಸ ಸುಮಾರು 865 ಮಿಮೀ, ಸುತ್ತಳತೆ 2.7 ಮೀಟರ್. ನೆಲಕ್ಕೆ ತಾಗುವ ಅಗಲ ಒಂದು 22 ಸೆಂಟಿಮೀಟರ್. ಹೊಸದರಲ್ಲಿ ಹತ್ತಿರ ಹತ್ತಿರ 10 ಮಿಮೀ ಇದ್ದ ಬಟನ್ ಮುಂದಿನವುಗಳಲ್ಲಿ 3ಕ್ಕೆ ಇಳಿದಿದೆ. ಸಂದಿಗಳಿಗೆ ಮೂರರಲ್ಲೊಂದು ಭಾಗ ಕಳೆದರೂ ಒಂದು ಟೈರಿಗೆ ಮೂರು ಕೆಜಿಗೆ ಮೇಲೆ. ಹಿಂದಿನವು ಎರಡೆರಡು ಕೆಜಿಗೂ ಜಾಸ್ತಿ. ನಾಲ್ಕೂ ಸೇರಿ ಅಂದಾಜು 11 ಕೆಜಿ ರಬ್ಬರ್. ಪಟೇಲ್ ಅಂಗಡಿಯಿಂದ ತರುವ 20 ಪೌಂಡಿನ ಸೋನಾ ಮಸೂರಿ ಚೀಲಕ್ಕಿಂತ ಜಾಸ್ತಿ. ಅಷ್ಟನ್ನು ಎರಡು ವರ್ಷದಲ್ಲಿ ಪುಡಿ ಪುಡಿ ಮಾಡಿ ರಸ್ತೆಗೆ ಉದುರಿಸಿದ್ದೇನೆ. ಎಲ್ಲಿಗೆ ಹೋಯಿತು ಅದು?

ಈ ಭಾಗದಲ್ಲಿ ಇರುವವರಿಗೆ ಉತ್ತರ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತೇವೆ ಅಷ್ಟೇ. ಸಿಯಾಟಲ್ ಸುತ್ತಲಿನ ಹಳ್ಳಗಳಿಗೆ ಪ್ರತಿ ಶರತ್ಕಾಲ ಕೋಹೋ ಸಾಲ್ಮನ್ ಮೀನುಗಳು ಸಮುದ್ರದಿಂದ ಮೊಟ್ಟೆಯಿಡಲು ವಾಪಸ್ ಬರುತ್ತವೆ. ಊರೊಳಗಿನ ಹಳ್ಳಗಳಲ್ಲಿ ಮಳೆ ಬಿದ್ದ ಬೆನ್ನಿಗೇ ಅವು ಸಾಯುತ್ತಿದ್ದವು. ಬಾಯಿ ತೆರೆದುಕೊಂಡು, ಗಿರಗಿರ ಸುತ್ತಿ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡೇ. ವರ್ಷಗಟ್ಟಲೆ ಕಾರಣ ಸಿಗಲಿಲ್ಲ. 2020ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟಕೋಮಾ ಕೇಂದ್ರ ಮತ್ತು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪುಯಾಲಪ್ ಕೇಂದ್ರದ ವಿಜ್ಞಾನಿಗಳ ತಂಡ ಕಾರಣ ಹಿಡಿದು ಕೊಟ್ಟಿತು. ಟೈರು ಬಿಸಿಲು ಗಾಳಿಗೆ ಬಿರುಕು ಬಿಡದಿರಲಿ ಅಂತ 1960ರ ದಶಕದಿಂದ ರಬ್ಬರಿಗೆ ಬೆರೆಸುತ್ತಿರುವ ಒಂದು ರಾಸಾಯನಿಕ ಇದೆ, 6ಪಿಪಿಡಿ. ಗಾಳಿಯಲ್ಲಿರುವ ಓಝೋನ್ ಟೈರನ್ನು ತಿನ್ನುವ ಮೊದಲು ಇದು ಅಡ್ಡ ಬಂದು ಏಟು ತಿನ್ನುತ್ತದೆ. ಏಟು ತಿಂದ ಮೇಲೆ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಕೋಹೋ ಮೀನಿಗೆ ಅದೇ ವಿಷ. ಒಂದು ಲೀಟರ್ ನೀರಿನಲ್ಲಿ ಒಂದು ಮೈಕ್ರೋಗ್ರಾಂನ ಹತ್ತನೇ ಒಂದು ಭಾಗ ಇದ್ದರೂ ಸಾಕು. ವಿಚಿತ್ರ ಅಂದರೆ ಅದೇ ಹಳ್ಳದ ಚಮ್ ಸಾಲ್ಮನ್ ಅದನ್ನು ತಡೆದುಕೊಳ್ಳುತ್ತದೆ.

ನಮ್ಮ ಮನೆಯ ಕೆಳಗೇ ಇಸ್ಸಾಕ್ವಾ ಹಳ್ಳ ಹರಿಯುತ್ತದೆ. ಅದರ ದಡದಲ್ಲಿ 1930ರ ದಶಕದಲ್ಲಿ ಕಟ್ಟಿದ ಮೀನು ಮರಿ ಕೇಂದ್ರ. ಅಕ್ಟೋಬರಿನಲ್ಲಿ ಊರಿಗೆ ಊರೇ ಸೇತುವೆ ಮೇಲೆ ನಿಂತು ಸಾಲ್ಮನ್ ನೋಡುತ್ತದೆ, ಜಾತ್ರೆಯೂ ಆಗುತ್ತದೆ. ಹೊಗೆ ಬಿಡದ ಗಾಡಿ ಬೇಕು ಅಂತ ಎಲೆಕ್ಟ್ರಿಕ್ ಕೊಂಡವಳು ನಾನು. ಆ ಜಾತ್ರೆಗೆ ಅದರಲ್ಲೇ ಹೋಗಿ, ಹಳ್ಳದ ಪಕ್ಕದಲ್ಲೇ ನಿಲ್ಲಿಸಿ ಬಂದಿದ್ದೇನೆ.

ಹಾಗಾದರೆ 6ಪಿಪಿಡಿ ಇಲ್ಲದ ಟೈರ್ ಕೊಳ್ಳೋಣ ಅಂದರೆ ನನ್ನ ಗಾಡಿಗೆ ಹಾಗೆ ಹೇಳಿಕೊಂಡು ಮಾರುವ ಟೈರ್ ಒಂದೂ ಕಾಣಲಿಲ್ಲ. ಯುರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪುಯಾಲಪ್ ಎಂಬ ಮೂರು ಮೂಲನಿವಾಸಿ ಬುಡಕಟ್ಟುಗಳು 2023ರಲ್ಲಿ ಕೇಂದ್ರದ ಪರಿಸರ ಇಲಾಖೆಗೆ ಅರ್ಜಿ ಹಾಕಿದವು, ಇಲಾಖೆ ಅದನ್ನು ಪರಿಗಣಿಸಲು ಒಪ್ಪಿತು. ಕ್ಯಾಲಿಫೋರ್ನಿಯಾ ಬೇರೆ ಏನಾದರೂ ಬೆರೆಸಲು ಸಾಧ್ಯವಾ ಹುಡುಕಿ ಅಂತ ಟೈರ್ ಕಂಪನಿಗಳಿಗೆ ಹೇಳಿದೆ. ಅದು ಆಗುವಾಗ ಆಗುತ್ತದೆ. ಸದ್ಯಕ್ಕೆ ನನ್ನ ಕೈಯಲ್ಲಿರುವುದು ಕಡಿಮೆ ಸವೆಸುವುದು.

ಅಲ್ಲಿಗೆ ಆಯ್ಕೆಯ ದಿಕ್ಕೇ ಬದಲಾಯಿತು. ಮೂರು ವಾರ ನಾನು ಹುಡುಕುತ್ತಿದ್ದದ್ದು ಹೆಚ್ಚು ಬಾಳುವ ಟೈರ್. ಹಳೆಯ ಟೈರ್ ಏನು ತಪ್ಪು ಮಾಡಿತ್ತು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹಿಂದಿನ ಎರಡನ್ನು ನೋಡಿದರೆ ಅದು ಏನೂ ಮಾಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಅದಲು ಬದಲು ಮಾಡಿದ್ದರೆ ನಾಲ್ಕೂ ಇನ್ನಷ್ಟು ದಿನ ಬರುತ್ತಿದ್ದವು.

ಮುಂದಿನ ಎರಡನ್ನೇ ಬದಲಿಸಿದರೆ ಸಾಕಲ್ಲ ಅಂತಲೂ ಯೋಚಿಸಿದೆ. ಎರಡೇ ಹೊಸದು ಹಾಕಿಸಿದರೆ ಹೊಸದನ್ನು ಹಿಂದಕ್ಕೆ ಹಾಕಬೇಕು. ಒದ್ದೆಯಲ್ಲಿ ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಹಿಡಿದುಕೊಳ್ಳಬಹುದು. ಹಿಂದಿನದು ಜಾರಿದರೆ ಗಿರಕಿ ಹೊಡೆಯುತ್ತದೆ. ಅರ್ಧ ಸವೆದ ಟೈರುಗಳನ್ನು ಮುಂದೆ ಇಟ್ಟುಕೊಂಡು ಹಿಮದ ಚಳಿಗಾಲಕ್ಕೆ ಕಾಲಿಡಲು ಮನಸ್ಸು ಒಪ್ಪಲಿಲ್ಲ. ಜಿಪುಣತನಕ್ಕೂ ಒಂದು ಮಿತಿ ಬೇಕಲ್ವಾ.

ಹಿಮದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಟೈರಿನ ಬದಿಯಲ್ಲಿ 'ಎಂ+ಎಸ್' ಅಂತ ಇದ್ದರೆ ಅದು ಬಟನ್ನಿನ ಆಕಾರ ನೋಡಿ ಹಾಕಿದ ಮುದ್ರೆ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇದ್ದರೆ ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಅದರಲ್ಲೂ ನೋಡುವುದು ಎಷ್ಟು ಚೆನ್ನಾಗಿ ಮುಂದಕ್ಕೆ ಎಳೆಯುತ್ತದೆ ಅನ್ನುವುದನ್ನು, ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದನ್ನಲ್ಲ. 3,200 ಕೆಜಿಯನ್ನು ಇಳಿಜಾರಿನಲ್ಲಿ ನಿಲ್ಲಿಸಬೇಕಾದವರು ಇದನ್ನು ನೆನಪಿಡಬೇಕು. ನಾಲ್ಕು ಮೋಟಾರ್ ಹೊರಡಲು ಸಹಾಯ ಮಾಡುತ್ತವೆ. ಮಂಜುಗಡ್ಡೆಯ ಮೇಲೆ ನಿಲ್ಲುವಾಗ ಹಿಡಿಯುವುದು ರಬ್ಬರೊಂದೇ.

ನೋಕಿಯನ್ ಕಂಪನಿಯವರ ಆಲ್-ಟೆರೇನ್ ಮೇಲೆ ಸ್ವಲ್ಪ ಮನಸ್ಸಾಗಿತ್ತು. 1934ರಲ್ಲೇ ಚಳಿಗಾಲದ ಟೈರ್ ಮಾಡಿದ ಫಿನ್ಲೆಂಡಿನವರು, ಹಿಮದ ಬಗ್ಗೆ ಅವರಿಗೆ ಯಾರು ಹೇಳಿಕೊಡಬೇಕು? ಎಲೆಕ್ಟ್ರಿಕ್ ಟ್ರಕ್ಕಿಗೆಂದೇ ಟೋಯೋದವರು ತಂದ ಆಲ್-ಟೆರೇನನ್ನೂ ನೋಡಿದೆ. ಎರಡೂ ಒಳ್ಳೆಯವೇ ಇರಬಹುದು. ಆದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಸಣ್ಣ ಹಟ ಸೇರಿತ್ತು. ನಾನು ಹಾಳು ಮಾಡಿದ ಟೈರನ್ನೇ ಇನ್ನೊಂದು ಸಲ ಸರಿಯಾಗಿ ಓಡಿಸಿ ನೋಡಬೇಕು ಅಂತ. ಬೆಟ್ಟದ ಗುರುತು ಅದಕ್ಕೂ ಇದೆ. ಉರುಳುವುದು ಹಗುರ. ಜಲ್ಲಿ ದಾರಿಯಲ್ಲಿ ಎಂದೂ ಕೈ ಕೊಟ್ಟಿರಲಿಲ್ಲ.

ಎರಡನೇ ಅಂಗಡಿಗೆ ಹೋದೆ. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಲಿಫ್ಟಿನ ಕೈಗಳನ್ನು ಬ್ಯಾಟರಿಗೆ ತಾಗದ ಹಾಗೆ, ಗುರುತಿನ ಜಾಗದಲ್ಲೇ ಇಟ್ಟಿದ್ದಾರಾ ಅಂತ ಬಗ್ಗಿ ಬಗ್ಗಿ ನೋಡಿದರು. ಅಷ್ಟು ನೋಡಿಯೇ ನನಗೆ ನಂಬಿಕೆ ಬಂತು. ನಾಲ್ಕು ಪಿರೆಲ್ಲಿ ಸ್ಕಾರ್ಪಿಯನ್ ಆಲ್ ಟೆರೇನ್ ಪ್ಲಸ್, ಗಾಡಿ ಬಂದಾಗ ಇದ್ದದ್ದೇ. ಹಾಕುವ ಮೊದಲು ಬದಿಯಲ್ಲಿನ ಡಾಟ್ ನಂಬರ್ ತೋರಿಸಿ ಅಂದೆ. ಕೊನೆಯ ನಾಲ್ಕು ಅಂಕಿಯಲ್ಲಿ ಎಷ್ಟನೇ ವಾರ, ಯಾವ ವರ್ಷ ಮಾಡಿದ್ದು ಅಂತ ಇರುತ್ತದೆ. ನಾಲ್ಕೂ ಅದೇ ವರ್ಷದವು. ಅವರು ನಕ್ಕರು. ಅಲೈನ್‌ಮೆಂಟ್ ಕೂಡ ಮಾಡಿಸಿದೆ, ಮುಂದಿನ ಎಡಗಡೆ ಸ್ವಲ್ಪ ಹೊರಗೆ ಎಳೆದಿತ್ತಂತೆ. ಒಟ್ಟು 1,600 ಡಾಲರ್ ಮೇಲಾಯಿತು.

ಮನೆಗೆ ಬಂದಾಗ ಗಂಡ ಗ್ಯಾರೇಜಿನಲ್ಲಿ ನಿಂತು ಟೈರ್ ನೋಡಿದರು. ಬಗ್ಗಿ ಹೆಸರು ಓದಿದರು. "ಇದಕ್ಕಾ ಮೂರು ವಾರ ತಲೆ ತಿಂದಿದ್ದು?"

ನಾನು ಉತ್ತರ ಕೊಡದೆ ಗ್ಯಾರೇಜಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಅದಲು ಬದಲು, 31,000. ಅದರ ಕೆಳಗೆ 36,000. ಕನ್ಸರ್ವ್ ಮೋಡ್ ಈಗ ಉದ್ದದ ಪ್ರಯಾಣಕ್ಕೆ ಮಾತ್ರ. ಸಿಗ್ನಲ್ ಹಸಿರಾದ ಕೂಡಲೇ ಪಕ್ಕದ ಕಾರಿನವನಿಗೆ 835 ಕುದುರೆ ತೋರಿಸುವ ಚಟವನ್ನೂ ಬಿಡುತ್ತಿದ್ದೇನೆ. ಕಷ್ಟ ಅದು, ಟೈರ್ ಆರಿಸಿದ್ದಕ್ಕಿಂತ ಕಷ್ಟ. ತಿಂಗಳಿಗೊಮ್ಮೆ ಗಾಳಿ ನೋಡುತ್ತೇನೆ. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರಿನಲ್ಲಿ ತುಂಬಿದ 48, ಡಿಸೆಂಬರಿನ ಬೆಳಿಗ್ಗೆ 44ಕ್ಕೆ ಬಂದಿರುತ್ತದೆ.

ಹೊಸ ಟೈರಿನ ಫೋಟೋ ಕಳಿಸು ಅಂತ ಮಾವ ವಾಟ್ಸಾಪ್‌ನಲ್ಲಿ ಎರಡು ಸಲ ಕೇಳಿದ್ದರು. ಮೈಮೇಲೆ ಇನ್ನೂ ರಬ್ಬರಿನ ಸಣ್ಣ ಸಣ್ಣ ಮೀಸೆ ನಿಂತಿದ್ದಾಗಲೇ ಹತ್ತಿರದಿಂದ ಒಂದು ತೆಗೆದು ಕಳಿಸಿದೆ. ಕೊಪ್ಪದಲ್ಲಿ ಬೆಳಗಾದ ಮೇಲೆ ಉತ್ತರ ಬಂತು.

"ಬಿಳಿ ಅಕ್ಷರ ಎಲ್ಲಿ ಮಾರಾಯ್ತಿ? ಹೊಸದು ಕೇಳಿದ್ರೆ ಹಳೇ ಫೋಟೋನೇ ಕಳ್ಸಿದೀಯಲ್ಲ."